ಲಿಖಿತ ಪ್ರಶ್ನೆ: ಸಚಿವಾಲಯದ ಕಡತದಿಂದ ಸದನದ ಮೇಜಿನವರೆಗೆ

ಸಂಸತ್ತು ಕಾನೂನುಗಳನ್ನು ರೂಪಿಸುತ್ತದೆ, ಆಯವ್ಯಯಕ್ಕೆ ಒಪ್ಪಿಗೆ ನೀಡುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಇವೆರಡರಷ್ಟೇ ಮಹತ್ವವುಳ್ಳ ಮೂರನೆಯ ಕಾರ್ಯವೊಂದಿದೆ. ಮಾಡಿದ ಕಾನೂನು ಜಾರಿಯಾಯಿತೇ, ಮಂಜೂರಾದ ಹಣ ಉದ್ದೇಶಿತ ಕಾರ್ಯಕ್ಕೆ ವಿನಿಯೋಗವಾಯಿತೇ ಎಂಬುದನ್ನು ಸರ್ಕಾರದಿಂದ ಕೇಳಿ ತಿಳಿಯುವುದೇ ಆ ಕಾರ್ಯ. ಸಂವಿಧಾನದ 75ನೆಯ ಅನುಚ್ಛೇದದ ಪ್ರಕಾರ ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಈ ಹೊಣೆಗಾರಿಕೆಯು ಐದು ವರ್ಷಗಳಿಗೊಮ್ಮೆ ಚುನಾವಣೆಯಲ್ಲಿ ಮಾತ್ರವೇ ಅಲ್ಲದೆ ಅಧಿವೇಶನದ ಪ್ರತಿದಿನವೂ ಕಾರ್ಯರೂಪಕ್ಕೆ ಬರುವುದು ಪ್ರಶ್ನೆಗಳ ಮೂಲಕ.

ಪ್ರಶ್ನೋತ್ತರ ವೇಳೆಯಲ್ಲಿ ಸಚಿವರೂ ಸದಸ್ಯರೂ ಎದುರುಬದುರಾಗಿ ನಡೆಸುವ ಮಾತುಕತೆ ದೂರದರ್ಶನದಲ್ಲಿ ಕಾಣುತ್ತದೆ, ಪತ್ರಿಕೆಗಳಲ್ಲಿ ವರದಿಯಾಗುತ್ತದೆ. ಆದರೆ ಅದೇ ದಿನ ಯಾವ ಸದ್ದೂ ಇಲ್ಲದೆ ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ಸಂಖ್ಯೆಯ ಉತ್ತರಗಳು ಲಿಖಿತ ರೂಪದಲ್ಲಿ ಸದನದ ಮೇಜಿನ ಮೇಲೆ ಮಂಡಿತವಾಗುತ್ತವೆ. ಈ ಲಿಖಿತ ಪ್ರಶ್ನೆಗಳು ಹೇಗೆ ಹುಟ್ಟುತ್ತವೆ, ಇಲಾಖೆಗಳನ್ನು ಹೇಗೆ ಉತ್ತರಕ್ಕೆ ಬದ್ಧಗೊಳಿಸುತ್ತವೆ, ಅವುಗಳ ಶಕ್ತಿ ಎಲ್ಲಿದೆ, ಮಿತಿ ಎಲ್ಲಿದೆ ಎಂಬುದನ್ನು ಪರಿಚಯಿಸುವುದು ಈ ಪಾಠದ ಉದ್ದೇಶ.

ಹಕ್ಕಿನ ಹಿನ್ನೆಲೆ

ಪ್ರಶ್ನೆ ಕೇಳುವ ಹಕ್ಕು ಭಾರತದ ಶಾಸನ ಸಭೆಗಳಿಗೆ ಒಮ್ಮೆಲೇ ದೊರೆತದ್ದಲ್ಲ. 1861ರ ಭಾರತೀಯ ಪರಿಷತ್ತುಗಳ ಅಧಿನಿಯಮವು ವೈಸರಾಯರ ಪರಿಷತ್ತಿನ ಕಾರ್ಯವನ್ನು ಶಾಸನ ರಚನೆಗೆ ಸೀಮಿತಗೊಳಿಸಿತ್ತು. ಆಡಳಿತದ ನಡೆಯನ್ನು ಪ್ರಶ್ನಿಸಲು ಅಲ್ಲಿ ಅವಕಾಶವಿರಲಿಲ್ಲ. 1892ರ ಅಧಿನಿಯಮವು ಹಲವು ನಿರ್ಬಂಧಗಳೊಡನೆ ಪ್ರಶ್ನೆ ಕೇಳುವ ಹಕ್ಕನ್ನು ಮೊದಲ ಬಾರಿಗೆ ನೀಡಿತು.

ಆ ಹಕ್ಕನ್ನು ಬಳಸಿ ಮೊದಲ ಪ್ರಶ್ನೆಯನ್ನು 1893ರ ಫೆಬ್ರವರಿ 16ರಂದು ಭಿಂಗಾದ ರಾಜರು ಕೇಳಿದರು. ಸರ್ಕಾರಿ ಅಧಿಕಾರಿಗಳು ಪ್ರವಾಸದಲ್ಲಿರುವಾಗ ಅವರ ಬಿಡಾರಗಳಿಗೆ ಸಾಮಗ್ರಿ ಒದಗಿಸಬೇಕಾಗಿದ್ದ ಹಳ್ಳಿಯ ಅಂಗಡಿಕಾರರಿಗೆ ಉಂಟಾಗುತ್ತಿದ್ದ ತೊಂದರೆಯೇ ಆ ಪ್ರಶ್ನೆಯ ವಿಷಯವಾಗಿತ್ತು. ಸಾಮ್ರಾಜ್ಯದ ನೀತಿ, ಯುದ್ಧ, ಸಂಧಿ ಮೊದಲಾದ ದೊಡ್ಡ ವಿಷಯಗಳನ್ನು ಬಿಟ್ಟು ಹಳ್ಳಿಯ ಅಂಗಡಿಕಾರನ ಕಷ್ಟದಿಂದ ಈ ಪರಂಪರೆ ಆರಂಭವಾಯಿತೆಂಬುದು ಗಮನಾರ್ಹ. ಮೇಲಿನ ಕಚೇರಿಗೆ ಕಾಣಿಸದ ಕೆಳಹಂತದ ಅನುಭವವನ್ನು ಅದರ ಕಣ್ಣಿಗೆ ತರುವುದೇ ಪ್ರಶ್ನೆಯ ಮೂಲ ಉದ್ದೇಶ.

1909ರ ಸುಧಾರಣೆಗಳು ಪ್ರಶ್ನೆ ಕೇಳಿದ ಸದಸ್ಯರಿಗೆ ಉಪಪ್ರಶ್ನೆ ಕೇಳುವ ಅವಕಾಶವನ್ನಿತ್ತವು. 1919ರ ಸುಧಾರಣೆಗಳ ನಂತರ ಆ ಅವಕಾಶ ಇತರ ಸದಸ್ಯರಿಗೂ ವಿಸ್ತರಿಸಿತು. ಸ್ವಾತಂತ್ರ್ಯಾನಂತರ, ಸಂವಿಧಾನದ 118ನೆಯ ಅನುಚ್ಛೇದದನ್ವಯ ಉಭಯ ಸದನಗಳೂ ತಮ್ಮ ಕಾರ್ಯವಿಧಾನದ ನಿಯಮಗಳನ್ನು ತಾವೇ ರಚಿಸಿಕೊಂಡವು. ವಸಾಹತು ಆಡಳಿತವು ಅನುಗ್ರಹವೆಂಬಂತೆ ನೀಡಿದ್ದ ಸೌಲಭ್ಯವು ಹೀಗೆ ಚುನಾಯಿತ ಪ್ರತಿನಿಧಿಯ ಹಕ್ಕಾಯಿತು.

ಪ್ರಶ್ನೆಗಳ ವಿಧಗಳು

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಸಚಿವರಿಂದ ಸದನದಲ್ಲಿ ಮೌಖಿಕ ಉತ್ತರವನ್ನು ಅಪೇಕ್ಷಿಸುವ ಪ್ರಶ್ನೆಗೆ ಪಟ್ಟಿಯಲ್ಲಿ ನಕ್ಷತ್ರದ ಚಿಹ್ನೆ ಇರುತ್ತದೆ. ಇದನ್ನು ಕನ್ನಡದಲ್ಲಿ 'ಚುಕ್ಕೆ ಗುರುತಿನ ಪ್ರಶ್ನೆ' ಎನ್ನುವುದು ರೂಢಿ. ಇದಕ್ಕೆ ಉಪಪ್ರಶ್ನೆಗಳನ್ನು ಕೇಳಬಹುದು. ಲಿಖಿತ ಉತ್ತರವನ್ನು ಅಪೇಕ್ಷಿಸುವುದು 'ಚುಕ್ಕೆ ಗುರುತಿಲ್ಲದ ಪ್ರಶ್ನೆ'. ಇದಕ್ಕೆ ಉಪಪ್ರಶ್ನೆ ಇಲ್ಲ. ನಿಗದಿತ ದಿನದಂದು ಸಚಿವರು ಉತ್ತರವನ್ನು ಸದನದ ಮೇಜಿನ ಮೇಲೆ ಇಡುತ್ತಾರೆ, ಅದು ಅಂದಿನ ಕಲಾಪದ ಅಧಿಕೃತ ದಾಖಲೆಯಲ್ಲಿ ಸೇರುತ್ತದೆ. ಇವಲ್ಲದೆ ತುರ್ತು ಸಾರ್ವಜನಿಕ ಮಹತ್ವದ ವಿಷಯಗಳಿಗಾಗಿ ಅಲ್ಪಾವಧಿ ಸೂಚನೆಯ ಪ್ರಶ್ನೆಗೂ ಅವಕಾಶವುಂಟು.

ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಯಲ್ಲಿ 20 ಚುಕ್ಕೆ ಗುರುತಿನ ಪ್ರಶ್ನೆಗಳೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಇರಬಹುದು. ರಾಜ್ಯಸಭೆಯಲ್ಲಿ ಈ ಸಂಖ್ಯೆಗಳು ಕ್ರಮವಾಗಿ 15 ಮತ್ತು 160. ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆಯು ಬೆಳಿಗ್ಗೆ 11 ಗಂಟೆಗೆ ಆರಂಭವಾಗುತ್ತದೆ. ರಾಜ್ಯಸಭೆಯಲ್ಲಿ ಅದನ್ನು 2014ರ ಚಳಿಗಾಲದ ಅಧಿವೇಶನದಿಂದ ಮಧ್ಯಾಹ್ನ 12 ಗಂಟೆಗೆ ಬದಲಾಯಿಸಲಾಗಿದೆ.

ಒಂದು ಗಂಟೆಯ ಅವಧಿಯಲ್ಲಿ ಪಟ್ಟಿಯ ಎಲ್ಲ ಚುಕ್ಕೆ ಗುರುತಿನ ಪ್ರಶ್ನೆಗಳಿಗೂ ಮೌಖಿಕ ಉತ್ತರ ದೊರೆಯುವುದು ಅಪರೂಪ. ಸದನದಲ್ಲಿ ಗದ್ದಲವುಂಟಾದರೆ ಒಂದಕ್ಕೂ ದೊರೆಯದಿರಬಹುದು. ಹಾಗೆ ಉಳಿದ ಪ್ರಶ್ನೆಗಳ ಉತ್ತರಗಳನ್ನೂ ಲಿಖಿತ ಉತ್ತರಗಳೆಂದೇ ಪರಿಗಣಿಸಲಾಗುತ್ತದೆ. ಕಲಾಪ ಸುಗಮವಾಗಿ ನಡೆಯಲಿ, ನಡೆಯದಿರಲಿ, ಸದನ ಸೇರಿದ ದಿನದಂದು ಇಲಾಖೆಯ ಉತ್ತರ ಮೇಜಿನ ಮೇಲೆ ಬರಲೇಬೇಕು. ಲಿಖಿತ ಪ್ರಶ್ನೆಯ ಮೊದಲ ಶಕ್ತಿ ಇದೇ.

ಪ್ರಶ್ನೆಯ ಅಂಗೀಕಾರ

ಸದಸ್ಯರು ಸೂಚನೆ ನೀಡಿದ ಮಾತ್ರಕ್ಕೆ ಪ್ರಶ್ನೆಯು ಪಟ್ಟಿಗೆ ಸೇರುವುದಿಲ್ಲ. ಸಾಮಾನ್ಯವಾಗಿ 15 ಪೂರ್ಣ ದಿನಗಳಿಗೆ ಕಡಿಮೆಯಿಲ್ಲದಂತೆ ಮುಂಚಿತವಾಗಿ ಸೂಚನೆ ತಲುಪಬೇಕು. ಸಚಿವಾಲಯಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ವಾರದ ಒಂದು ದಿನವನ್ನು ಗೊತ್ತುಪಡಿಸಲಾಗಿರುತ್ತದೆ. ಆಯಾ ದಿನ ಆಯಾ ಸಚಿವಾಲಯಗಳ ಪ್ರಶ್ನೆಗಳು ಮಾತ್ರ ಪಟ್ಟಿಯಲ್ಲಿರುತ್ತವೆ. ಬಂದ ಸೂಚನೆಗಳ ಸಂಖ್ಯೆ ಮಿತಿಯನ್ನು ಮೀರುವುದರಿಂದ ಚೀಟಿ ಎತ್ತುವ ಕ್ರಮದ ಮೂಲಕ ಆದ್ಯತೆಯನ್ನು ನಿರ್ಧರಿಸಲಾಗುತ್ತದೆ. ಆಡಳಿತ ಪಕ್ಷದ ಸದಸ್ಯರಿಗೂ ವಿರೋಧ ಪಕ್ಷದ ಸದಸ್ಯರಿಗೂ, ಹಿರಿಯರಿಗೂ ಹೊಸಬರಿಗೂ ಇದರಲ್ಲಿ ಭೇದವಿಲ್ಲ. ಲೋಕಸಭೆಯಲ್ಲಿ ಒಬ್ಬ ಸದಸ್ಯರ ಹೆಸರಿನಲ್ಲಿ ಒಂದು ದಿನಕ್ಕೆ ಒಟ್ಟು ಐದಕ್ಕಿಂತ ಹೆಚ್ಚು ಪ್ರಶ್ನೆಗಳು ಸೇರುವಂತಿಲ್ಲ. ಅವುಗಳಲ್ಲಿ ಚುಕ್ಕೆ ಗುರುತಿನದು ಒಂದು ಮಾತ್ರ.

ಲೋಕಸಭೆಯ 41ನೆಯ ನಿಯಮವು ಪ್ರಶ್ನೆಯ ಲಕ್ಷಣಗಳನ್ನು ವಿವರಿಸುತ್ತದೆ. ಪ್ರಶ್ನೆಯು ಸಾಮಾನ್ಯವಾಗಿ 150 ಪದಗಳನ್ನು ಮೀರಕೂಡದು. ಅದರಲ್ಲಿ ವಾದ, ವ್ಯಂಗ್ಯ, ಆರೋಪ ಅಥವಾ ಮಾನಹಾನಿಕರ ಮಾತು ಇರಕೂಡದು. ಅಭಿಪ್ರಾಯವನ್ನಾಗಲಿ ಕಾಲ್ಪನಿಕ ಸಮಸ್ಯೆಗೆ ಪರಿಹಾರವನ್ನಾಗಲಿ ಕೇಳಕೂಡದು. ಭಾರತ ಸರ್ಕಾರದ ಮುಖ್ಯ ಹೊಣೆಗೆ ಸೇರದ ವಿಷಯ, ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯ, ಸುಲಭವಾಗಿ ದೊರೆಯುವ ಗ್ರಂಥಗಳಲ್ಲಿ ಈಗಾಗಲೇ ಲಭ್ಯವಿರುವ ಮಾಹಿತಿ, ಇವುಗಳಿಗೂ ಅವಕಾಶವಿಲ್ಲ. ಪ್ರಶ್ನೆಯನ್ನು ಅಂಗೀಕರಿಸುವ ಇಲ್ಲವೇ ನಿರಾಕರಿಸುವ ಅಧಿಕಾರವು ಲೋಕಸಭೆಯಲ್ಲಿ ಸಭಾಧ್ಯಕ್ಷರದು, ರಾಜ್ಯಸಭೆಯಲ್ಲಿ ಸಭಾಪತಿಯವರದು.

ಈ ನಿಯಮಗಳು ಮೇಲ್ನೋಟಕ್ಕೆ ಸದಸ್ಯರ ಕೈ ಕಟ್ಟುವಂತೆ ತೋರಬಹುದು. ವಾಸ್ತವವಾಗಿ ಅವು ಪ್ರಶ್ನೆಯನ್ನು ಹರಿತಗೊಳಿಸುತ್ತವೆ. ಆರೋಪಕ್ಕೆ ಪ್ರತ್ಯಾರೋಪದಿಂದ ಉತ್ತರಿಸಬಹುದು, ಅಭಿಪ್ರಾಯಕ್ಕೆ ಅಭಿಪ್ರಾಯವನ್ನೇ ಹಿಂತಿರುಗಿಸಬಹುದು. ದಿನಾಂಕ, ಮೊತ್ತ, ಸಂಖ್ಯೆಗಳನ್ನು ಕೇಳುವ ಪ್ರಶ್ನೆಗೆ ದಿನಾಂಕ, ಮೊತ್ತ, ಸಂಖ್ಯೆಗಳಿಂದಲೇ ಉತ್ತರಿಸಬೇಕು, ಇಲ್ಲವೇ ಅವು ತಮ್ಮಲ್ಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಸಚಿವಾಲಯದೊಳಗೆ

ಅಂಗೀಕೃತವಾದ ಪ್ರಶ್ನೆಯು ಸಚಿವಾಲಯವನ್ನು ತಲುಪಿದೊಡನೆ ಅಲ್ಲಿನ ದೈನಂದಿನ ಕೆಲಸದ ಕ್ರಮವೇ ಬದಲಾಗುತ್ತದೆ. ಸಂಸತ್ತಿಗೆ ಸಂಬಂಧಿಸಿದ ಕಾಗದಗಳಿಗೆ ಇತರ ಕಡತಗಳಿಗಿಂತ ಹೆಚ್ಚಿನ ಆದ್ಯತೆಯುಂಟು. ಪ್ರಶ್ನೆಯು ಸಂಬಂಧಪಟ್ಟ ಶಾಖೆಗೆ ಹೋಗುತ್ತದೆ. ಮಾಹಿತಿಯು ಅಧೀನ ಕಚೇರಿಗಳಲ್ಲಿ, ಸಾರ್ವಜನಿಕ ಉದ್ಯಮಗಳಲ್ಲಿ ಅಥವಾ ರಾಜ್ಯ ಸರ್ಕಾರಗಳಲ್ಲಿದ್ದರೆ ಅಲ್ಲಿಂದ ತರಿಸಲಾಗುತ್ತದೆ. ಕರಡು ಉತ್ತರವು ಹಂತಹಂತವಾಗಿ ಹಿರಿಯ ಅಧಿಕಾರಿಗಳ ಪರಿಶೀಲನೆಗೆ ಒಳಪಟ್ಟು ಕೊನೆಗೆ ಸಚಿವರ ಅನುಮೋದನೆಯನ್ನು ಪಡೆಯುತ್ತದೆ. ಪ್ರಶ್ನೆಯು ತನ್ನ ವ್ಯಾಪ್ತಿಗೆ ಸೇರದಿದ್ದರೆ ಸಚಿವಾಲಯವು ಅದನ್ನು ಸೂಕ್ತ ಸಚಿವಾಲಯಕ್ಕೆ ವರ್ಗಾಯಿಸಿಕೊಳ್ಳುವಂತೆ ಬೇಗನೆ ಕ್ರಮ ಕೈಗೊಳ್ಳಬೇಕು.

ಈ ಪ್ರಕ್ರಿಯೆಗೆ ಉತ್ತರದಷ್ಟೇ ಬೆಲೆಯಿದೆ. ತಿಂಗಳುಗಟ್ಟಲೆ ಯಾರೂ ತೆರೆಯದ ಕಡತವೊಂದನ್ನು ಪ್ರಶ್ನೆಯ ಕಾರಣದಿಂದ ತೆರೆಯಬೇಕಾಗುತ್ತದೆ. ಯೋಜನೆಯೊಂದು ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದನ್ನು ಶಾಖೆಯ ಅಧಿಕಾರಿ ಬರೆದು ಸಹಿ ಮಾಡಬೇಕಾಗುತ್ತದೆ. ಅದು ಹಿರಿಯರ ಹಾಗೂ ಸಚಿವರ ಕಣ್ಣಿಗೆ ಬೀಳುತ್ತದೆ. ಸದನದಲ್ಲಿ ಉತ್ತರ ಬರುವ ಮೊದಲೇ ಆಡಳಿತವು ತನ್ನನ್ನು ತಾನು ವಿಚಾರಿಸಿಕೊಳ್ಳುವಂತೆ ಪ್ರಶ್ನೆಯು ಮಾಡುತ್ತದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಯಾವುದೇ ನಾಗರಿಕರು ಸಾರ್ವಜನಿಕ ಪ್ರಾಧಿಕಾರಗಳಿಂದ ಮಾಹಿತಿಯನ್ನು ಕೋರಬಹುದು. ಆದರೆ ಅಲ್ಲಿ ಉತ್ತರಿಸುವವರು ಮಾಹಿತಿ ಅಧಿಕಾರಿ, ಉತ್ತರ ತಲುಪುವುದು ಅರ್ಜಿದಾರರಿಗೆ. ಸಂಸತ್ತಿನ ಪ್ರಶ್ನೆಗೆ ಉತ್ತರಿಸುವವರು ಸಚಿವರು, ಉತ್ತರ ತಲುಪುವುದು ಇಡೀ ಸದನಕ್ಕೆ, ಸದನದ ಮೂಲಕ ದೇಶಕ್ಕೆ. ಸದನವನ್ನು ಉದ್ದೇಶಪೂರ್ವಕವಾಗಿ ದಾರಿ ತಪ್ಪಿಸುವ ಉತ್ತರ ನೀಡಿದರೆ ಅದು ಹಕ್ಕುಚ್ಯುತಿಯ ವಿಷಯವಾಗಬಲ್ಲದು.

ಪ್ರಶ್ನೆಯ ರಚನೆ: ಒಂದು ಉದಾಹರಣೆ

ಉತ್ತರದ ಗುಣಮಟ್ಟವು ಬಹುಮಟ್ಟಿಗೆ ಪ್ರಶ್ನೆಯ ಗುಣಮಟ್ಟವನ್ನು ಅವಲಂಬಿಸಿರುತ್ತದೆ. ಹೊರರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಹತ್ತಿರವಾದ ವಿಷಯವೊಂದನ್ನು ತೆಗೆದುಕೊಳ್ಳಬಹುದು. ಸಂವಿಧಾನದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಪ್ರಾಧಿಕಾರಗಳೂ ಪ್ರಯತ್ನಿಸಬೇಕೆನ್ನುತ್ತದೆ. 350ಬಿ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸಲು ಅವಕಾಶ ಕಲ್ಪಿಸಿದೆ. ಅವರ ವರದಿಗಳನ್ನು ರಾಷ್ಟ್ರಪತಿಯವರು ಸಂಸತ್ತಿನ ಉಭಯ ಸದನಗಳ ಮುಂದೆ ಇಡಿಸಬೇಕು. ಈ ಎರಡೂ ಅನುಚ್ಛೇದಗಳು 1956ರ ಏಳನೆಯ ತಿದ್ದುಪಡಿಯ ಮೂಲಕ, ರಾಜ್ಯಗಳ ಪುನರ್ವಿಂಗಡಣೆಯ ಸಂದರ್ಭದಲ್ಲಿ, ಸಂವಿಧಾನಕ್ಕೆ ಸೇರಿದವು.

ಈಗ 'ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ನಿರ್ಲಕ್ಷಿಸಲಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಸಂಸತ್ತಿನಲ್ಲಿ ಕೇಳಿದರೆ ಅದು ದುರ್ಬಲ ಪ್ರಶ್ನೆಯಾಗುತ್ತದೆ. 'ನಿರ್ಲಕ್ಷ್ಯ' ಎಂಬುದು ಆರೋಪ. ನಗರಪಾಲಿಕೆಯ ಶಾಲೆಗಳ ನಿರ್ವಹಣೆ ಕೇಂದ್ರದ ನೇರ ಹೊಣೆಯಲ್ಲ. ಪ್ರಶ್ನೆಯು ನಿರಾಕೃತವಾಗಬಹುದು, ಇಲ್ಲವೇ 'ಇದು ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದು' ಎಂಬ ಒಂದು ಸಾಲಿನ ಉತ್ತರ ಬರಬಹುದು. ಅದನ್ನೇ ಈ ರೀತಿ ಭಾಗಗಳಾಗಿ ರಚಿಸಬಹುದು:

(ಅ) ಕಳೆದ ಹತ್ತು ವರ್ಷಗಳಲ್ಲಿ 350ಬಿ ಅನುಚ್ಛೇದದ ಅನ್ವಯ ಯಾವ ಯಾವ ಅವಧಿಯ ವರದಿಗಳನ್ನು ಸದನದ ಮುಂದೆ ಇಡಲಾಗಿದೆ ಮತ್ತು ಯಾವ ದಿನಾಂಕಗಳಂದು;

(ಆ) ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಯ ಬಗ್ಗೆ ಆ ವರದಿಗಳಲ್ಲಿ ಮಾಡಲಾದ ಶಿಫಾರಸುಗಳು ಯಾವುವು;

(ಇ) ಆ ಶಿಫಾರಸುಗಳ ಮೇಲೆ ಕೈಗೊಂಡ ಕ್ರಮದ ರಾಜ್ಯವಾರು ವಿವರವೇನು, ಮತ್ತು

(ಈ) ವರದಿಗಳನ್ನು ಮಂಡಿಸುವಲ್ಲಿ ವಿಳಂಬವಾಗಿದ್ದಲ್ಲಿ ಅದಕ್ಕೆ ಕಾರಣಗಳೇನು?

ಇಲ್ಲಿ ಒಂದೂ ಆರೋಪವಿಲ್ಲ. ಸಂವಿಧಾನವು ಕೇಂದ್ರಕ್ಕೆ ವಹಿಸಿರುವ ಕರ್ತವ್ಯವನ್ನೇ ಹಿಡಿದು ಪ್ರಶ್ನೆ ನಿಂತಿದೆ. ಪ್ರತಿ ಭಾಗಕ್ಕೂ ಪ್ರತ್ಯೇಕ ಉತ್ತರ ಬರಬೇಕು. ಉತ್ತರದಲ್ಲಿ ಯಾವ ಭಾಗವನ್ನು ಕೈಬಿಡಲಾಗಿದೆ ಎಂಬುದು ಓದಿದ ಯಾರಿಗೂ ತಿಳಿಯುತ್ತದೆ. ಚೆನ್ನೈ, ಪುಣೆ ಅಥವಾ ಹೈದರಾಬಾದಿನ ಕನ್ನಡಿಗರ ಪ್ರಶ್ನೆಯಾಗಿಯೂ ಇದು ನಿಲ್ಲುತ್ತದೆ, ಬೆಂಗಳೂರಿನ ತಮಿಳರ ಅಥವಾ ತೆಲುಗರ ಪ್ರಶ್ನೆಯಾಗಿಯೂ ನಿಲ್ಲುತ್ತದೆ.

'ಮಾಹಿತಿ ಇಲ್ಲ' ಎಂಬುದೂ ಒಂದು ಉತ್ತರ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ನಗರಗಳಲ್ಲಿ ದುಡಿಯುತ್ತಿದ್ದ ವಲಸೆ ಕಾರ್ಮಿಕರು ಅಪಾರ ಸಂಖ್ಯೆಯಲ್ಲಿ ತಮ್ಮ ಊರುಗಳತ್ತ ಹೊರಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸತ್ತು ಸೇರಿದಾಗ ಸಾಂಕ್ರಾಮಿಕದ ನಿಮಿತ್ತ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಗಿತ್ತು. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಮಾತ್ರ ಅವಕಾಶವಿತ್ತು. ಸದಸ್ಯರಿಗೆ ಉಳಿದಿದ್ದ ಪ್ರಶ್ನೆಯ ಮಾರ್ಗ ಲಿಖಿತ ಮಾರ್ಗವೊಂದೇ.

ಅಧಿವೇಶನದ ಮೊದಲ ದಿನ, ಸೆಪ್ಟೆಂಬರ್ 14ರಂದು, ಊರಿಗೆ ಮರಳುವ ದಾರಿಯಲ್ಲಿ ಎಷ್ಟು ವಲಸೆ ಕಾರ್ಮಿಕರು ಮೃತಪಟ್ಟರು, ಅವರ ಕುಟುಂಬಗಳಿಗೆ ಪರಿಹಾರ ನೀಡಲಾಗಿದೆಯೇ ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವಾಲಯವು ಲೋಕಸಭೆಯಲ್ಲಿ ಲಿಖಿತ ಉತ್ತರ ನೀಡಿತು. ಅಂತಹ ಅಂಕಿಅಂಶಗಳನ್ನು ಇಟ್ಟಿಲ್ಲವೆಂದೂ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲವೆಂದೂ ಅದರಲ್ಲಿ ತಿಳಿಸಲಾಗಿತ್ತು. ಊರಿಗೆ ಮರಳಿದ ಕಾರ್ಮಿಕರ ಸಂಖ್ಯೆ ಒಂದು ಕೋಟಿಗೂ ಹೆಚ್ಚೆಂಬುದು ಸರ್ಕಾರವು ಸದನಕ್ಕೆ ನೀಡಿದ ಲೆಕ್ಕದಿಂದಲೇ ತಿಳಿದುಬಂದಿತು.

ಅದೇ ಅಧಿವೇಶನದಲ್ಲಿ ರಾಜ್ಯಸಭೆಯಲ್ಲಿ ರೈಲ್ವೆ ಸಚಿವಾಲಯಕ್ಕೆ ಬೇರೊಂದು ಪ್ರಶ್ನೆ ಹೋಯಿತು. ಅದರ ವ್ಯಾಪ್ತಿ ಕಿರಿದಾಗಿತ್ತು: ಶ್ರಮಿಕ ವಿಶೇಷ ರೈಲುಗಳಲ್ಲಿ ಪ್ರಯಾಣಿಸುವಾಗ ಮೃತಪಟ್ಟವರ ಸಂಖ್ಯೆ ಎಷ್ಟು? ಈ ಪ್ರಶ್ನೆಗೆ ಅಂಕಿಯುಳ್ಳ ಉತ್ತರ ಬಂದಿತು. ರಾಜ್ಯಗಳ ಪೊಲೀಸರು ಒದಗಿಸಿದ ಮಾಹಿತಿಯ ಮೇರೆಗೆ ಸೆಪ್ಟೆಂಬರ್ 9ರವರೆಗೆ 97 ಮಂದಿ ಮೃತಪಟ್ಟಿದ್ದರು. ಮೇ 1ರಿಂದ ಆಗಸ್ಟ್ 31ರವರೆಗೆ 4,621 ಶ್ರಮಿಕ ವಿಶೇಷ ರೈಲುಗಳು ಓಡಿದ್ದು, ಸುಮಾರು 63 ಲಕ್ಷ ಪ್ರಯಾಣಿಕರು ಅವುಗಳಲ್ಲಿ ಸಂಚರಿಸಿದ್ದರು.

ಈ ಎರಡು ಉತ್ತರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಮೂರು ಪಾಠಗಳು ದೊರೆಯುತ್ತವೆ. ಮೊದಲನೆಯದಾಗಿ, ಒಂದು ಇಲಾಖೆಯಲ್ಲಿ ಇಲ್ಲದ ಮಾಹಿತಿ ಇನ್ನೊಂದರಲ್ಲಿ ಇರಬಹುದು, ಆದ್ದರಿಂದ ದಾಖಲೆ ಯಾರ ಬಳಿ ಇರುತ್ತದೆಂಬುದನ್ನು ತಿಳಿದು ಕೇಳಬೇಕು. ಎರಡನೆಯದಾಗಿ, ನಿರ್ದಿಷ್ಟವಾದ ಕಿರಿದಾದ ಪ್ರಶ್ನೆಯಿಂದ ಜಾರಿಕೊಳ್ಳುವುದು ಕಷ್ಟ. ಮೂರನೆಯದಾಗಿ, 'ಅಂಕಿಅಂಶಗಳನ್ನು ಇಟ್ಟಿಲ್ಲ' ಎಂಬ ಉತ್ತರವೂ ವ್ಯರ್ಥವಲ್ಲ. ಎಣಿಕೆಯಾಗದ ಸಾವಿಗೆ ಪರಿಹಾರವಿಲ್ಲ, ಎಣಿಕೆಯಾಗದ ಕಾರ್ಮಿಕನಿಗೆ ಯೋಜನೆಯಿಲ್ಲ ಎಂಬ ಸತ್ಯವು ಸರ್ಕಾರದ ಮಾತಿನಲ್ಲಿಯೇ ದಾಖಲೆಗೊಂಡಿತು. ಅಸಂಘಟಿತ ಕಾರ್ಮಿಕರ ನೋಂದಣಿಯ ವಿಷಯ ಆ ಬಳಿಕ ಸರ್ವೋಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೊಂಡು, 2021ರ ಜೂನ್‌ನಲ್ಲಿ ನಿರ್ದೇಶನಗಳು ಹೊರಬಿದ್ದವು. ಆಗಸ್ಟ್‌ನಲ್ಲಿ ಇ-ಶ್ರಮ್ ಎಂಬ ನೋಂದಣಿ ವ್ಯವಸ್ಥೆ ಆರಂಭವಾಯಿತು. ಇದು ಯಾವುದೇ ಒಂದು ಪ್ರಶ್ನೆಯ ಫಲವೆನ್ನಲಾಗದು. ಆದರೆ ಕೊರತೆ ಎಲ್ಲಿದೆ ಎಂಬುದಕ್ಕೆ ಸದನದ ದಾಖಲೆ ಸಾಕ್ಷಿಯಾಗಿ ಉಳಿದಿತ್ತು.

ಭರವಸೆಯ ಬೆನ್ನು ಹತ್ತುವುದು

'ವಿಷಯವು ಪರಿಶೀಲನೆಯಲ್ಲಿದೆ', 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು, ಸದನದ ಮೇಜಿನ ಮೇಲೆ ಇಡಲಾಗುವುದು' ಎಂಬಂತಹ ವಾಕ್ಯಗಳು ಉತ್ತರಗಳಲ್ಲಿ ಪದೇ ಪದೇ ಕಾಣುತ್ತವೆ. ಸಾಮಾನ್ಯ ಓದುಗರಿಗೆ ಇವು ನುಣುಚಿಕೊಳ್ಳುವ ಮಾತುಗಳೆನಿಸಬಹುದು. ಆದರೆ ಸಂಸದೀಯ ಪದ್ಧತಿಯಲ್ಲಿ ಇಂತಹ ಮಾತು 'ಭರವಸೆ' ಎನಿಸಿಕೊಳ್ಳುತ್ತದೆ. ಭರವಸೆ ಈಡೇರಿತೇ ಎಂದು ನೋಡಲು ಪ್ರತ್ಯೇಕ ಸಮಿತಿಗಳೇ ಇವೆ.

ಲೋಕಸಭೆಯ ಸರ್ಕಾರಿ ಭರವಸೆಗಳ ಸಮಿತಿಯು 1953ರ ಡಿಸೆಂಬರ್‌ನಲ್ಲಿ, ಜಿ. ವಿ. ಮಾವಳಂಕರ್ ಅವರು ಸಭಾಧ್ಯಕ್ಷರಾಗಿದ್ದಾಗ, ರಚನೆಯಾಯಿತು. ರಾಜ್ಯಸಭೆಯಲ್ಲಿ ಇಂತಹ ಸಮಿತಿ 1972ರಲ್ಲಿ ಅಸ್ತಿತ್ವಕ್ಕೆ ಬಂದಿತು. ಲೋಕಸಭೆಯ ಸಮಿತಿಯಲ್ಲಿ 15 ಸದಸ್ಯರಿರುತ್ತಾರೆ, ಸಚಿವರು ಅದರ ಸದಸ್ಯರಾಗುವಂತಿಲ್ಲ. ಸಂಸದೀಯ ವ್ಯವಹಾರಗಳ ಸಚಿವಾಲಯವು ಪ್ರತಿದಿನದ ಕಲಾಪದಿಂದ ಭರವಸೆಗಳನ್ನು ಆಯ್ದು ಸಂಬಂಧಪಟ್ಟ ಇಲಾಖೆಗಳಿಗೆ ಕಳುಹಿಸುತ್ತದೆ. ಭರವಸೆಯನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಈಡೇರಿಸಬೇಕು. ಸಾಧ್ಯವಾಗದಿದ್ದರೆ ಇಲಾಖೆಯು ಕಾರಣ ಸಹಿತ ಅವಧಿಯ ವಿಸ್ತರಣೆ ಕೋರಬೇಕು, ಇಲ್ಲವೇ ಭರವಸೆಯನ್ನು ಕೈಬಿಡಲು ಸಮಿತಿಯ ಒಪ್ಪಿಗೆ ಪಡೆಯಬೇಕು. ಸಮಿತಿಯು ಅಧಿಕಾರಿಗಳನ್ನು ಕರೆಸಿ ವಿಚಾರಿಸಬಹುದು, ತನ್ನ ವರದಿಯನ್ನು ಸದನಕ್ಕೆ ಒಪ್ಪಿಸುತ್ತದೆ. 2018ರಿಂದ ಭರವಸೆಗಳ ಸ್ಥಿತಿಗತಿಯನ್ನು ಗಣಕೀಕೃತ ವ್ಯವಸ್ಥೆಯ ಮೂಲಕವೂ ಗಮನಿಸಲಾಗುತ್ತಿದೆ.

ಹಲವು ಭರವಸೆಗಳು ಮೂರು ತಿಂಗಳ ಅವಧಿಯನ್ನು ಮೀರಿ ವರ್ಷಗಟ್ಟಲೆ ಬಾಕಿ ಉಳಿಯುತ್ತವೆಂಬುದು ಸಮಿತಿಗಳ ವರದಿಗಳಿಂದಲೇ ತಿಳಿದುಬರುತ್ತದೆ. ಆದರೂ 'ನೋಡೋಣ' ಎಂಬ ಮಾತಿಗೆ ದಿನಾಂಕವನ್ನೂ ಬಾಕಿಯ ಪಟ್ಟಿಯಲ್ಲೊಂದು ಸ್ಥಾನವನ್ನೂ ನೀಡುವ ಈ ವ್ಯವಸ್ಥೆ ಇಲ್ಲದಿದ್ದರೆ, ಆ ಮಾತು ಗಾಳಿಯಲ್ಲಿ ತೂರಿಹೋಗುತ್ತಿತ್ತು.

ಇನ್ನೆರಡು ಸಾಧನಗಳಿವೆ. ಉತ್ತರವು ಸಾರ್ವಜನಿಕ ಮಹತ್ವದ ವಿಷಯವೊಂದನ್ನು ಸ್ಪಷ್ಟಪಡಿಸದೆ ಉಳಿಸಿದ್ದರೆ, ಲಿಖಿತ ಉತ್ತರವನ್ನು ಆಧರಿಸಿಯೂ ಅರ್ಧ ಗಂಟೆಯ ಚರ್ಚೆಗೆ ಸೂಚನೆ ನೀಡಬಹುದು. ಉತ್ತರದಲ್ಲಿ ತಪ್ಪು ಮಾಹಿತಿ ಇದ್ದುದು ತಿಳಿದುಬಂದರೆ ಸಚಿವರು ತಿದ್ದುಪಡಿಯ ಹೇಳಿಕೆಯನ್ನು ನೀಡಬೇಕು. ಸದಸ್ಯರೂ ಸಭಾಧ್ಯಕ್ಷರಿಗೆ ಬರೆದು ತಪ್ಪನ್ನು ಗಮನಕ್ಕೆ ತರಬಹುದು.

ಪ್ರಶ್ನೆಯಿಂದ ವಿಚಾರಣೆಗೆ: ಮುಂಧ್ರಾ ಪ್ರಕರಣ

ಸಮಾಧಾನಕರವಲ್ಲದ ಉತ್ತರವನ್ನು ಬೆನ್ನಟ್ಟಿದರೆ ಏನಾಗಬಹುದೆಂಬುದಕ್ಕೆ ಸ್ವತಂತ್ರ ಭಾರತದ ಪ್ರಸಿದ್ಧ ನಿದರ್ಶನ ಮುಂಧ್ರಾ ಪ್ರಕರಣ. 1956ರಲ್ಲಿ ಜೀವ ವಿಮಾ ವ್ಯವಹಾರವು ರಾಷ್ಟ್ರೀಕರಣಗೊಂಡು ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾಯಿತು. 1957ರ ಜೂನ್‌ನಲ್ಲಿ ನಿಗಮವು ಉದ್ಯಮಿ ಹರಿದಾಸ್ ಮುಂಧ್ರಾ ಅವರಿಗೆ ಸೇರಿದ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು 1.24 ಕೋಟಿ ರೂಪಾಯಿಗಳನ್ನು ಹೂಡಿತು. ಆ ಹಣ ಲಕ್ಷಾಂತರ ಪಾಲಿಸಿದಾರರ ಉಳಿತಾಯವಾಗಿತ್ತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಈ ಬಗ್ಗೆ ಪ್ರಶ್ನೆ ಬಂದಿತು. ಉತ್ತರ ಸದಸ್ಯರಿಗೆ ಸಮಾಧಾನ ತರಲಿಲ್ಲ. ನವೆಂಬರ್‌ನಲ್ಲಿ ಮತ್ತೆ ಪ್ರಶ್ನೆಗಳು ಬಂದವು. ಡಿಸೆಂಬರ್ 16ರಂದು ಸದನದಲ್ಲಿ ನಡೆದ ಚರ್ಚೆಯಲ್ಲಿ ಆಡಳಿತ ಪಕ್ಷದವರೇ ಆಗಿದ್ದ ಫಿರೋಜ್ ಗಾಂಧಿ ಅವರು ದಾಖಲೆಗಳನ್ನು ಮುಂದಿಟ್ಟು ವ್ಯವಹಾರದ ವಿವರಗಳನ್ನು ಒಂದೊಂದಾಗಿ ಬಿಡಿಸಿದರು. 1958ರ ಜನವರಿಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗಲಾ ಅವರ ಏಕಸದಸ್ಯ ಆಯೋಗವನ್ನು ಸರ್ಕಾರ ನೇಮಿಸಿತು. ಬೊಂಬಾಯಿಯಲ್ಲಿ ಬಹಿರಂಗವಾಗಿ ನಡೆದ ಆ ವಿಚಾರಣೆಯನ್ನು ಜನರು ಗುಂಪುಗೂಡಿ ಆಲಿಸಿದರು. ಫೆಬ್ರವರಿಯಲ್ಲಿ ವರದಿ ಬಂದಿತು. ಅದೇ ತಿಂಗಳು ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ಅವರು ರಾಜೀನಾಮೆ ನೀಡಿದರು.

ಮೊದಲ ಪ್ರಶ್ನೆಯಿಂದ ರಾಜೀನಾಮೆಯವರೆಗೆ ಆರು ತಿಂಗಳೂ ಕಳೆದಿರಲಿಲ್ಲ. ಒಂದು ಪ್ರಶ್ನೆ ತಾನಾಗಿ ಇದನ್ನು ಸಾಧಿಸಲಿಲ್ಲ. ಮೊದಲ ಉತ್ತರವನ್ನು ಓದಿ, ಅದರ ಬಿರುಕನ್ನು ಗುರುತಿಸಿ, ಮತ್ತೆ ಕೇಳಿ, ಚರ್ಚೆಗೆ ತಂದ ಸದಸ್ಯರ ಶ್ರಮ ಅದನ್ನು ಸಾಧಿಸಿತು.

ದುರುಪಯೋಗ ಮತ್ತು ಮಿತಿಗಳು

ಬೆಲೆಯುಳ್ಳ ಹಕ್ಕನ್ನು ಮಾರಿಕೊಳ್ಳುವ ಅಪಾಯವೂ ಇದೆ. 1951ರಲ್ಲಿ, ತಾತ್ಕಾಲಿಕ ಸಂಸತ್ತಿನ ಸದಸ್ಯರಾಗಿದ್ದ ಎಚ್. ಜಿ. ಮುದ್ಗಲ್ ಅವರು ಬೊಂಬಾಯಿಯ ಚಿನ್ನ-ಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು ಅದರ ಪರವಾಗಿ ಪ್ರಶ್ನೆ ಮೊದಲಾದವುಗಳ ಮೂಲಕ ವರ್ತಿಸಿದರೆಂಬುದು ಸಮಿತಿಯ ವಿಚಾರಣೆಯಿಂದ ಸ್ಥಿರಪಟ್ಟಿತು. ಅವರು ರಾಜೀನಾಮೆ ನೀಡಿದರೂ, ಅವರ ವರ್ತನೆ ಉಚ್ಚಾಟನೆಗೆ ಅರ್ಹವಾದುದೆಂದು ಸದನವು ನಿರ್ಣಯಿಸಿತು. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ ಆರೋಪದ ಮೇಲೆ ಲೋಕಸಭೆಯ 10 ಹಾಗೂ ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು. 2007ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಉಚ್ಚಾಟನೆಗಳನ್ನು ಎತ್ತಿಹಿಡಿಯಿತು.

ಲಿಖಿತ ಪ್ರಶ್ನೆಗೆ ಸಹಜ ಮಿತಿಗಳೂ ಉಂಟು. ಉಪಪ್ರಶ್ನೆಗೆ ಅವಕಾಶವಿಲ್ಲದ ಕಾರಣ ಅಸ್ಪಷ್ಟ ಉತ್ತರವನ್ನು ಆ ಕ್ಷಣದಲ್ಲೇ ಪ್ರಶ್ನಿಸಲಾಗದು. ದೇಶದ ಭದ್ರತೆ ಮೊದಲಾದ ಕಾರಣಗಳಿಂದ ಮಾಹಿತಿ ನೀಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಸಚಿವರು ಹೇಳಬಹುದು. ಸದನ ಸೇರದ ತಿಂಗಳುಗಳಲ್ಲಿ ಈ ಮಾರ್ಗ ಮುಚ್ಚಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಓದುವವರಿಲ್ಲದ ಉತ್ತರವು ಕಡತವಾಗಿಯೇ ಉಳಿಯುತ್ತದೆ.

ನಾಗರಿಕರ ಪಾತ್ರ

ಉಭಯ ಸದನಗಳ ಪ್ರಶ್ನೋತ್ತರಗಳು ಈಗ ಸಂಸತ್ತಿನ ಅಂತರಜಾಲ ತಾಣದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಲಭ್ಯವಿವೆ. ಸಚಿವಾಲಯ, ಸದಸ್ಯರ ಹೆಸರು, ದಿನಾಂಕ ಅಥವಾ ವಿಷಯವನ್ನು ನಮೂದಿಸಿ ಅವುಗಳನ್ನು ಹುಡುಕಬಹುದು. ಭವಿಷ್ಯ ನಿಧಿ, ರೈಲು ಸೌಕರ್ಯ, ಅಂಚೆ ಕಚೇರಿಯ ಉಳಿತಾಯ, ವಿದ್ಯಾರ್ಥಿವೇತನ ಮೊದಲಾದ ದಿನಬಳಕೆಯ ವಿಷಯಗಳ ಮೇಲೆ ಸರ್ಕಾರವು ಸದನಕ್ಕೆ ಏನು ಹೇಳಿದೆ ಎಂಬುದನ್ನು ಮನೆಯಲ್ಲಿ ಕುಳಿತೇ ತಿಳಿಯಲು ಇದರಿಂದ ಸಾಧ್ಯ. ರಾಜ್ಯದ ವಿಷಯಗಳಿಗೆ ಸಂಬಂಧಿಸಿದಂತೆ ಆಯಾ ರಾಜ್ಯದ ವಿಧಾನಮಂಡಲದಲ್ಲಿಯೂ ಇಂತಹದೇ ಪದ್ಧತಿ ಇದೆ.

ಪ್ರಶ್ನೆ ಕೇಳುವ ಹಕ್ಕು ಸದಸ್ಯರದು, ಆದರೆ ಪ್ರಶ್ನೆಯ ಬೀಜ ನಾಗರಿಕರ ಅನುಭವದಲ್ಲಿರುತ್ತದೆ. ಮುಂಬಯಿಯಲ್ಲಿ ಅಥವಾ ದೆಹಲಿಯಲ್ಲಿ ಮತದಾರರಾಗಿರುವ ಕನ್ನಡಿಗರಿಗೆ ಅಲ್ಲಿಯ ಲೋಕಸಭಾ ಸದಸ್ಯರೇ ಪ್ರತಿನಿಧಿ. ಸಮಸ್ಯೆಯನ್ನು ದೂರಿನ ರೂಪದಲ್ಲಿ ಹೇಳುವುದಕ್ಕಿಂತ, ಯಾವ ಸಚಿವಾಲಯಕ್ಕೆ ಸಂಬಂಧಿಸಿದೆ, ಹಿಂದೆ ಯಾವ ದಿನ ಯಾವ ಉತ್ತರ ಬಂದಿತ್ತು, ಅದರಲ್ಲಿ ಯಾವ ಭಾಗ ಬಾಕಿ ಇದೆ ಎಂದು ಒಂದು ಪುಟದಲ್ಲಿ ಬರೆದು ಅವರಿಗೆ ಒಪ್ಪಿಸಿದರೆ ಅದು ಪ್ರಶ್ನೆಯಾಗಿ ಸದನವನ್ನು ತಲುಪುವ ಸಾಧ್ಯತೆ ಹೆಚ್ಚು. ಹಳ್ಳಿಯ ಅಂಗಡಿಕಾರನ ತೊಂದರೆ 1893ರಲ್ಲಿ ಪರಿಷತ್ತಿನ ಮುಂದೆ ಬಂದದ್ದು ಯಾರೋ ಅದನ್ನು ಕಂಡು ಹೇಳಿದ್ದರಿಂದ. ಇಂದು ಹೇಳುವ ದಾರಿಯೂ, ಬಂದ ಉತ್ತರವನ್ನು ಓದಿ ಮತ್ತೆ ಕೇಳುವ ದಾರಿಯೂ ಎಲ್ಲರಿಗೂ ತೆರೆದಿವೆ.

ಅಭ್ಯಾಸಕ್ಕಾಗಿ

1. ಚುಕ್ಕೆ ಗುರುತಿನ ಪ್ರಶ್ನೆಗೂ ಚುಕ್ಕೆ ಗುರುತಿಲ್ಲದ ಪ್ರಶ್ನೆಗೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.

2. 'ವಿಷಯವು ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದ ನಂತರ ಸಂಸತ್ತಿನಲ್ಲಿ ಯಾವ ಕ್ರಮಗಳು ನಡೆಯುತ್ತವೆ?

3. 2020ರ ಸೆಪ್ಟೆಂಬರ್‌ನ ಎರಡು ಉತ್ತರಗಳನ್ನು ಹೋಲಿಸಿ, ಪ್ರಶ್ನೆಯ ವ್ಯಾಪ್ತಿಗೂ ಉತ್ತರದ ಸ್ವರೂಪಕ್ಕೂ ಇರುವ ಸಂಬಂಧವನ್ನು ವಿವರಿಸಿರಿ.

4. ತಮ್ಮ ಬಡಾವಣೆಯ ಸಮಸ್ಯೆಯೊಂದನ್ನು ಆರಿಸಿಕೊಂಡು, ಅದು ಕೇಂದ್ರದ ಹೊಣೆಯೋ ರಾಜ್ಯದ ಹೊಣೆಯೋ ಎಂಬುದನ್ನು ನಿರ್ಧರಿಸಿ, 150 ಪದಗಳನ್ನು ಮೀರದಂತೆ ನಾಲ್ಕು ಭಾಗಗಳ ಪ್ರಶ್ನೆಯೊಂದನ್ನು ರಚಿಸಿರಿ.